ಪರಶಪ್ಪ ತೂತು ಹಾಕಿದ ಡಬ್ಬಿಗಳು

ಪರಶಪ್ಪ ನೆರೆಯಲ್ಲಿ ಕೊಚ್ಚಿಹೋಗಲಿಲ್ಲ. ಹೋದನೆಂದು ಪತ್ರಿಕೆಯಲ್ಲಿ ಬಂದಿತ್ತು, ಅದಕ್ಕಾಗಿ ಬರೆಯುತ್ತಿದ್ದೇನೆ. ಮಲಪ್ರಭೆ ಇಳಿದು ಮೂರನೆಯ ದಿನ, ಬಿಸಿಲು ಬಿದ್ದ ಮೇಲೆ, ಹೊಳೆಮಣ್ಣೂರಿನ ಅವನ ಮನೆಯ ಮಣ್ಣಿನ ಗೋಡೆ ಕುಸಿದು ಅವನು ಸತ್ತ. ಒಳಗೆ ಹೋದದ್ದು ಚೀಲಗಳನ್ನು ಹೊರತರಲು. ಚೀಲಗಳಲ್ಲಿ ಇದ್ದವು ಖಾಲಿ ಡಬ್ಬಿಗಳು.

ಅವನು ಕಂಡವರ ಹೊಲಕ್ಕೆ ಎಣ್ಣಿ ಹೊಡೆಯುತ್ತಿದ್ದ. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು, ವಿಷವೆಂದು ಯಾರೂ ಅನ್ನುವುದಿಲ್ಲ. ಹೊಡೆದು ಮುಗಿದ ಮೇಲೆ ಖಾಲಿ ಡಬ್ಬಿ ಹೊಡೆದವನಿಗೇ ಸೇರುತ್ತದೆ, ಅದು ಕೇಳದೆಯೇ ಸಿಗುವ ಹಕ್ಕು. ಗಟ್ಟಿ ಡಬ್ಬಿ, ಬಿಗಿ ಮುಚ್ಚಳ. ಹೊಲಕ್ಕೆ ನೀರು ಒಯ್ಯಲು, ಬೀಜ ಇಡಲು, ಬಯಲಕಡೆಗೆ ಹೋಗಲು, ಎಲ್ಲಕ್ಕೂ ಆಗುತ್ತದೆ.

ಹದಿನಾಲ್ಕು ವರ್ಷಗಳ ಹಿಂದೆ ಅಂಥದೊಂದು ಡಬ್ಬಿಯನ್ನು ಅವನ ಹೆಂಡತಿ ಮಾನವ್ವ ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ಎರಡು ದಿನ ಬಿಸಿಲಿಗಿಟ್ಟಳು. ದೇವರ ಸಾಮಾನಿಗೂ ಅಷ್ಟೇ ಮಾಡುತ್ತಾರೆ. ಹಾಗೆ ಬೆಳಗಿದ ಮೇಲೆ ಯಾವ ಪಾತ್ರೆಯಾದರೂ ಶುದ್ಧ ಎಂಬುದು ಅವಳು ತವರಿನಿಂದ ತಂದ ತಿಳಿವಳಿಕೆ. ಅದರಲ್ಲಿ ಹೊಲಕ್ಕೆ ಮಜ್ಜಿಗೆ ಕಳಿಸಿದಳು. ಮೊದಲು ಕುಡಿದವಳು ಮಗಳು ಭಾರತಿ, ಆಗ ಒಂಬತ್ತು ವರ್ಷ. ಗಜೇಂದ್ರಗಡದ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದು ಬದುಕಿಕೊಂಡಳು. ಈಗ ಅಸೂಟಿಯಲ್ಲಿ ಸಂಸಾರ ಮಾಡುತ್ತಿದ್ದಾಳೆ.

ದವಾಖಾನೆಯಿಂದ ಬಂದ ದಿನವೇ ಪರಶಪ್ಪ ಚೀಲ ಹೊಲಿಯುವ ದಬ್ಬಣ ಹಿಡಿದು ಮನೆಯ ಡಬ್ಬಿಗಳಿಗೆಲ್ಲ ತೂತು ಹಾಕಿದ. ಆಮೇಲೆ ಮನೆಮನೆಗೆ ಹೋದ. ಜನ ಬೈದರು, ನಕ್ಕರು. ದೊಡ್ಡ ಹೊಲದ ನೀಲವ್ವ ಕಟ್ಟೆಯ ಮೇಲೆ ಕುಳಿತು, "ಪರಶಾ, ಮೊದ್ಲ ನಿನ್ನ ತಲಿಗೇ ತೂತು ಬಿದ್ದೈತಿ ನೋಡ" ಎಂದಳು.

"ಹೌದ್ರೀ ಅವ್ವಾ. ಅದಕ್ಕ ಅದ್ರಾಗ ಯಾರೂ ಮಜ್ಜಿಗಿ ತುಂಬಂಗಿಲ್ರಿ. ಡಬ್ಬಿ ಕೊಡ್ರಿ."

ಅವಳು ಐದು ಡಬ್ಬಿ ಕೊಟ್ಟಳು.

ವರ್ಷ ಕಳೆದಂತೆ ಊರವರೇ ತಂದು ಅವನ ಬಾಗಿಲಿಗೆ ಇಡತೊಡಗಿದರು. ಅರ್ಧ ಉಳಿದ ಇಲಿ ಪಾಷಾಣ, ದನದ ಉಣ್ಣೆಗೆ ಹಚ್ಚುವ ಔಷಧ, ಸೋರುವ ಸೆಲ್ಲುಗಳು, ಒಡೆದ ಟ್ಯೂಬ್‌ಲೈಟು. ಊರಿಗೆ ಬೇಡವಾದದ್ದನ್ನು ಇಡಲು ಒಂದು ಜಾಗವಾಯಿತು. ಅವನಿಗೆ ಮಾತ್ರ ಇಡಲು ಜಾಗವಿರಲಿಲ್ಲ.

ನಾನು ಅವನ ಜೊತೆ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಹಲಗೆಯ ಮೇಲೆ ಕುಳಿತವನು. ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ರೋಣದಲ್ಲಿ ನನ್ನ ಅಣ್ಣನ ಎಣ್ಣಿ ಅಂಗಡಿ ಇದೆ. ಪರಶಪ್ಪ ಡಬ್ಬಿ ತಂದು ಚೀಟಿಯ ಸಣ್ಣಕ್ಷರ ಓದಿಸುತ್ತಿದ್ದ. ಸುರಕ್ಷಿತವಾಗಿ ವಿಲೇವಾರಿ ಮಾಡಬೇಕು ಎಂದು ನಾನು ಓದಿದರೆ, ಎಲ್ಲಿ ಎಂದು ಬರೆದಿದ್ದಾರೇನೋ ನೋಡು ಎನ್ನುತ್ತಿದ್ದ. ಬರೆದಿರಲಿಲ್ಲ.

ಅವನ ಪರವಾಗಿ ನಾನು ಬರೆದ ಅರ್ಜಿಗಳಿಗೆ ಬಂದ ಉತ್ತರಗಳು ನನಗೆ ಬಾಯಿಪಾಠ. ಪಂಚಾಯ್ತಿಯ ಗಾಡಿ ಹಸಿ ಕಸ, ಒಣ ಕಸ ಒಯ್ಯುತ್ತದೆ, ಇದು ಎರಡೂ ಅಲ್ಲ. ಕೃಷಿ ಕಚೇರಿಯವರು ಮಾರಿದವನಿಗೇ ಮರಳಿಸಿ ಎಂದರು. ಮಾರಿದ ನನ್ನ ಅಣ್ಣ, ಕಂಪನಿಯ ಗಾಡಿ ತರುತ್ತದೆ, ಒಯ್ಯುವುದಿಲ್ಲ ಎಂದ. ಕಂಪನಿಯವರು ಉತ್ತರ ಬರೆಯಲಿಲ್ಲ. ಗುಜರಿಯ ಇಸ್ಮಾಯಿಲಸಾಬ ಪ್ರಾಮಾಣಿಕ ಮನುಷ್ಯ. ತೂತಿಲ್ಲದ್ದು ಕೊಟ್ಟರೆ ಸಂತೆಯಲ್ಲಿ ಮತ್ತೆ ಮಾರಾಟವಾಗುತ್ತದೆ, ತೂತಿನದನ್ನು ಕರಗಿಸುವವರು ವಾಸನೆಗೆ ವಾಪಸು ಕಳಿಸುತ್ತಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ.

ಸುಟ್ಟರೆ ಹೊಗೆ ಓಣಿಗೆಲ್ಲ ಬರುತ್ತದೆ. ಹೂಳಿದರೆ ಹೊಳೆದಂಡೆಯ ಮಣ್ಣು, ಎರಡಾಳುದ್ದ ತೋಡಿದರೆ ನೀರು. ಹೀಗಾಗಿ ಚೀಲ ತುಂಬಿ ಹೊಲಿದು ಮನೆಯ ಒಂದು ಖೋಲಿಯಲ್ಲಿ ಇಟ್ಟುಕೊಂಡ.

ಈ ಸಲ ಆಣೆಕಟ್ಟಿನಿಂದ ನೀರು ಬಿಟ್ಟರು ಎಂದು ಡಂಗುರವಾದಾಗ ಎಲ್ಲರೂ ಕಾಳು, ಹಾಸಿಗೆ, ಟಿವಿ ಹೇರಿಕೊಂಡು, ಹಿಂದಿನ ನೆರೆಯ ನಂತರ ಸರ್ಕಾರ ಎತ್ತರದಲ್ಲಿ ಕಟ್ಟಿಸಿದ ಆಸರೆ ಮನೆಗಳಿಗೆ ಹೊರಟರು. ಪರಶಪ್ಪ ಹತ್ತೊಂಬತ್ತು ಚೀಲ ಹೇರಿಕೊಂಡು ಬಂದ. ಆಸರೆ ಮನೆಗಳಲ್ಲಿ ಜನ ಗಾಡಿಗೆ ಅಡ್ಡ ನಿಂತರು. ಒಂದೊಂದು ಕೋಣೆಯಲ್ಲಿ ಮೂರು ಸಂಸಾರ, ತೆವಳುವ ಕೂಸುಗಳು, ಇದನ್ನು ಎಲ್ಲಿ ಇಡುತ್ತೀ ಎಂದು ಕೇಳಿದರು. ಅವರು ಹೇಳುವುದು ಖರೇ ಎಂದು ಅವನೇ ಎತ್ತು ತಿರುಗಿಸಿದ. ನಾನೂ ಹಿಂದೆ ಹೋದೆ. ಬಿಟ್ಟುಬಿಡು, ನಿನ್ನ ಜೋಳದ ಚೀಲವಾದರೂ ಉಳಿಸಿಕೋ ಎಂದೆ.

"ಬಿಟ್ರ ಹೊಳಿಗೆ ಹೋಗ್ತಾವ ತೋಟಪ್ಪ. ಕೆಳಗಿನ ಊರಾಗ ಯಾರರೆ ಹಿಡಕೋತಾರ. ಚಲೋ ಡಬ್ಬಿ ಅಂತ ಬೂದಿ ಹಚ್ಚಿ ತಿಕ್ತಾರ."

ತೂತು ಇದೆಯಲ್ಲ ಎಂದೆ. ಮೇಣ ಬಡಿದು ಮುಚ್ಚುತ್ತಾರೆ ಎಂದ. ಇಬ್ಬರೂ ಸೇರಿ ಚೀಲಗಳನ್ನು ಅವನ ಮನೆಯ ಜಂತಿಗೆ ಎತ್ತರಕ್ಕೆ ಕಟ್ಟಿದೆವು. ಜೋಳ ಕೆಳಗೇ ಉಳಿಯಿತು.

ನೀರು ಎದೆಮಟ್ಟ ಬಂದು ಎರಡು ದಿನ ನಿಂತು ಇಳಿಯಿತು. ಒಂದು ಡಬ್ಬಿಯೂ ಹೋಗಲಿಲ್ಲ. ನೆನೆದ ಮಣ್ಣಿನ ಗೋಡೆ ಬೀಳುವುದು ನೀರಿರುವಾಗಲ್ಲ, ಬಿಸಿಲಿಗೆ ಬಿರಿಯುವಾಗ ಎಂದು ಹೊಳೆದಂಡೆಯವರಿಗೆಲ್ಲ ಗೊತ್ತು, ಅವನಿಗೂ ಗೊತ್ತಿತ್ತು. ಬಿರುಕು ಕಂಡೇ ಅವಸರ ಮಾಡಿದ. ಆರು ಚೀಲ ಹೊರಗೆ ತಂದಿದ್ದನಂತೆ. ನಾನು ಆಗ ಸಾಲೆಯ ಗಂಜಿ ಕೇಂದ್ರದಲ್ಲಿ ಅನ್ನದ ಪಾಳಿಯಲ್ಲಿದ್ದೆ. ಹೋಗುವಷ್ಟರಲ್ಲಿ ಅವನನ್ನು ಹೊರಗೆ ತೆಗೆದು ಮಲಗಿಸಿದ್ದರು. ಮುಖದ ಮಣ್ಣನ್ನು ಮಾನವ್ವ ಸೆರಗಿನಿಂದ ಒರೆಸುತ್ತಿದ್ದಳು.

ಒಂಬತ್ತು ದಿನಗಳ ನಂತರ ಬಿದ್ದ ಮನೆಗಳನ್ನು ಸಮ ಮಾಡಲು ಜೆಸಿಬಿ ಬಂತು. ಚಾಲಕ ಅನಿಲಕುಮಾರ ನರಗುಂದದವನು, ಒಳ್ಳೆಯ ಹುಡುಗ. ಮಣ್ಣಿನೊಳಗಿಂದ ಚೀಲಗಳು ಹರಿದು ಬರುವುದನ್ನು ಕಂಡು ಯಂತ್ರ ನಿಲ್ಲಿಸಿದ. ಇಲ್ಲೇ ತಗ್ಗು ತೆಗೆದು ಮುಚ್ಚಿಬಿಡಲೇ ಎಂದು ಅಲ್ಲೇ ನಿಂತಿದ್ದ ನನ್ನನ್ನು ಕೇಳಿದ. ಸಂಜೆಯೊಳಗೆ ಇನ್ನೂ ಹನ್ನೆರಡು ಮನೆ ಮುಗಿಸಬೇಕಿತ್ತು ಅವನಿಗೆ. ಮಾನವ್ವ ಹೊರಗಿದ್ದ ಆರು ಚೀಲಗಳ ಪಕ್ಕದಲ್ಲಿ ಕುಳಿತಿದ್ದಳು.

"ಅವ್ರು ಹುಗಿಯಾಕ ಒಪ್ತಿರಲಿಲ್ರಿ" ಎಂದಳು. ನನ್ನ ಕಡೆ ತಿರುಗಿ, "ನೀವು ಓದಿದವರು. ಎಲ್ಲಿ ಒಯ್ಯೂದು ಹೇಳ್ರಿ, ನಾನ ಹೊತ್ತು ಒಯ್ತೀನಿ."

ರೋಣ, ನರಗುಂದ, ಗಜೇಂದ್ರಗಡ, ಮೂರೂ ಊರುಗಳನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಬಾಗಿಲು ತೆರೆಯುವ ಒಂದು ಮನೆ, ಒಂದು ಕಚೇರಿ, ಒಂದು ಗೋದಾಮು ನೆನಪಿಗೆ ಬರಲಿಲ್ಲ. ನನ್ನ ಮನೆಯೂ ಬಂತು, ಮೊಮ್ಮಕ್ಕಳಿದ್ದಾರೆ ಎಂದುಕೊಂಡೆ. ಹುಡುಗ ಯಂತ್ರದ ಮೇಲಿಂದ ನನ್ನನ್ನೇ ನೋಡುತ್ತಿದ್ದ.

ನಾನು ಅವನಿಗೆ ಆಗಲಿ ಎಂದು ತಲೆಯಾಡಿಸಿದೆ. ಮಾನವ್ವ ಎದ್ದು ದಾರಿ ಬಿಟ್ಟಳು. ಹತ್ತೊಂಬತ್ತೂ ಚೀಲ ಹೊಳೆದಂಡೆಯ ಮಣ್ಣಿನೊಳಗೆ ಹೋಗಲು ಅರ್ಧ ತಾಸೂ ಹಿಡಿಯಲಿಲ್ಲ. ತಗ್ಗಿನ ತಳದಲ್ಲಿ ಆಗಲೇ ನೀರು ಜಿನುಗುತ್ತಿತ್ತು.