ಗೋಡೆ ತಟ್ಟುವ ಸದ್ದು

ರೇಡಿಯೋ ನಾಟಕ ವಿಭಾಗದಲ್ಲಿ ಅವಳು ಎಲ್ಲರಿಗೂ ಟೈಪಿಸ್ಟಮ್ಮ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಆ ಹೆಸರು ಹೋಗಲಿಲ್ಲ. ಬರಹಗಾರರು ಗೀಚಿ ಕೊಟ್ಟದ್ದನ್ನು ನಟರು ಓದುವ ಹಾಗೆ ಮಾಡುವುದು ಅವಳ ಕೆಲಸ: ಎಡಕ್ಕೆ ಪಾತ್ರದ ಹೆಸರು, ಬಲಕ್ಕೆ ಮಾತು, ಸದ್ದುಗಳಿಗೆ ಅಡಿಗೆರೆ. ಯಾರ ಮಾತೂ ಪುಟ ದಾಟಬಾರದು. ನಡುವೆ ಹಾಳೆ ಮಗುಚಿದರೆ ಮೈಕು ಚಾಡಿ ಹೇಳಿಬಿಡುತ್ತದೆ. ಮೌನವನ್ನೂ ಬರೆದೇ ತೋರಿಸಬೇಕು. ಇಲ್ಲವಾದರೆ ನಟರು ಓಡಿಬಿಡುತ್ತಾರೆ, ಓಟದಲ್ಲಿ ನಾಟಕ ಸಾಯುತ್ತದೆ.

ಅವಳ ಮನೆಯಲ್ಲೋ, ಯಾರೂ ಬರೆಯದ ಮೌನವೇ ತುಂಬಿತ್ತು. ಅಮ್ಮ ತೀರಿಕೊಂಡ ದಿನ ಮಾತಿಗೆ ಮಾತು ಬೆಳೆದು, "ಇನ್ಮೇಲೆ ನಿನ್ನ ಮುಖ ನೋಡಲ್ಲ" ಎಂದು ಅಕ್ಕ ಹೊರಟುಹೋಗಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇವಳು ತೊಳೆಯುವುದು ಒಂದೇ ಲೋಟ. ಸಂಜೆ ಕೂತು ನಾಟಕದ ಎಲ್ಲರ ಮಾತನ್ನೂ ಗಟ್ಟಿಯಾಗಿ ಓದುತ್ತಾಳೆ. ಕೇಳಿದರೆ, ತಪ್ಪು ಹಿಡಿಯೋಕೆ ಅನ್ನುತ್ತಾಳೆ. ಬರೀ ಸುಳ್ಳು. ಮನೆಯಲ್ಲಿ ಯಾರಾದರೂ ಮಾತಾಡಲಿ ಎಂಬ ಆಸೆ, ಅಷ್ಟೇ.

ಒಮ್ಮೆ ಬಂದ ನಾಟಕದಲ್ಲಿ ಹೆಂಗಸೊಬ್ಬಳು ಖಾಲಿ ಕೋಣೆಯಲ್ಲಿ ಕೂತಿದ್ದಳು. ಟೈಪಿಸ್ಟಮ್ಮನಿಗೆ ತಡೆಯಲಾಗಲಿಲ್ಲ. ಬರಹಗಾರರು ಬರೆಯದ ಸಾಲೊಂದನ್ನು ಸೇರಿಸಿ ಅಡಿಗೆರೆ ಎಳೆದಳು: 'ಗೋಡೆ ತಟ್ಟುವ ಸದ್ದು. ಎರಡು ಸಲ. ತುಸು ಬಿಟ್ಟು ಇನ್ನೊಂದು.' ಚಿಕ್ಕಂದಿನಲ್ಲಿ ಜಗಳವಾಡಿ ಬೇರೆ ಬೇರೆ ಕೋಣೆ ಸೇರಿದಾಗ ಅಕ್ಕ ತಂಗಿ ರಾಜಿಗೆ ತಟ್ಟುತ್ತಿದ್ದದ್ದು ಹೀಗೆ. ಆಚೆಯವಳು ತಿರುಗಿ ತಟ್ಟಿದರೆ ಜಗಳ ಮುಗಿಯಿತು. ರೇಡಿಯೋ ನಾಟಕ ಕೇಳದಿದ್ದರೆ ಅಕ್ಕನಿಗೆ ಅದು ಭಾನುವಾರವೇ ಅಲ್ಲ. ರೆಕಾರ್ಡಿಂಗ್ ದಿನ ಸದ್ದು ಮಾಡುವವನು ಅಡಿಗೆರೆ ನೋಡಿದ, ಹಲಗೆ ತಟ್ಟಿದ.

ಭಾನುವಾರ ನಾಟಕ ಮುಗಿಯುತ್ತಲೇ ಫೋನ್ ಬಡಿದುಕೊಂಡಿತು. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ನಿರ್ದೇಶಕರು.

"ಏನಮ್ಮಾ, ಆ ತಟ್ಟೋ ಸದ್ದು ನೀವು ಸೇರಿಸಿದ್ದಾ? ಬರೆದೋರು ಕೂಗಾಡ್ತಿದ್ದಾರೆ!"

"ತಪ್ಪಾಯ್ತು ಸಾರ್."

ಆಮೇಲೆ ಫೋನ್ ತುಟಿ ಪಿಟಕ್ಕೆನ್ನಲಿಲ್ಲ. ಕಿಟಕಿಯ ಬಿಸಿಲು ಗೋಡೆ ಬಿಟ್ಟು ಇಳಿಯಿತು. ಕಾದು ಕಾದು ಸಾಕಾಗಿ, ಕೊನೆಗೆ ಅಕ್ಕನ ನಂಬರನ್ನು ತಾನೇ ಒತ್ತಿದಳು.

"ಯಾರು?"

ಎಲ್ಲರ ಮಾತನ್ನೂ ಜೋಡಿಸಿಕೊಡುವವಳಿಗೆ ತನ್ನದೊಂದು ಮಾತು ಬರಲಿಲ್ಲ. ಉಗುರಿನಿಂದ ಫೋನಿನ ಮೇಲೆ ತಟ್ಟಿದಳು. ಎರಡು ಸಲ. ತುಸು ಬಿಟ್ಟು ಇನ್ನೊಂದು.

ಆಚೆ ಕಡೆ ಮೂಗು ಒರೆಸಿಕೊಳ್ಳುವ ಸದ್ದು.

"ನಾಟಕ ಮುಗಿದಾಗ್ನಿಂದ ನಾನೂ ಗೋಡೆ ತಟ್ತಾ ಕೂತಿದ್ದೀನಿ ಕಣೇ," ಎಂದಳು ಅಕ್ಕ. "ಇಲ್ಲಿಂದ ನಿಂಗೆ ಹೇಗೆ ಕೇಳ್ಸುತ್ತೆ ಹೇಳು."