ನನ್ನನ್ನು ಕೊಟ್ಟು ತಂದ ಆಟಗಾರ್ತಿ

ಕಿಂಗ್ಸ್‌ಬರಿಯ ಆ ಹೆಂಗಸು ಸರ್ವಿಸ್ ಮಾಡಲು ನಿಂತರೆ ಸಟನ್ನಿನ ನಾವೆಲ್ಲ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆವು. ಥ್ರೋಬಾಲ್‌ನಲ್ಲಿ ಹಿಂದೆ ಸರಿದರೆ ಸೋತಂತೆಯೇ. ತೊಂಬತ್ತರ ದಶಕದಲ್ಲಿ ಲಂಡನ್ ಕನ್ನಡಿಗರ ಯುಗಾದಿ ಕೂಟದ ದಿನ ಹೆಂಗಸರ ಎರಡು ತಂಡಗಳು ಆಡುತ್ತಿದ್ದವು, ಊರಿನ ಉತ್ತರದ ಕಿಂಗ್ಸ್‌ಬರಿಯವರದೊಂದು, ದಕ್ಷಿಣದ ಸಟನ್ನಿನ ನಮ್ಮದೊಂದು. ನಾವು ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯವರು. ಶಾಲೆಯಲ್ಲಿ ಲಂಗ ಎತ್ತಿ ಸಿಕ್ಕಿಸಿಕೊಂಡು ಆಡಿದ್ದ ಆಟವನ್ನು ಇಲ್ಲಿ ಬಾಡಿಗೆಯ ಸ್ಕೂಲ್ ಹಾಲ್‌ನಲ್ಲಿ ಮುಂದುವರಿಸಿದ್ದೆವು. ಪ್ರತಿ ವರ್ಷವೂ ಸೋಲು, ಅವಳೊಬ್ಬಳಿಂದ.

ಅವಳ ಬಗ್ಗೆ ಮಾತುಗಳಿಗೂ ಬರವಿರಲಿಲ್ಲ. ಅಂಪೈರ್ ಕೊರಳಿನ ಸೀಟಿ ಕಿತ್ತು ಕಿಟಕಿಯಾಚೆ ಎಸೆದಿದ್ದಳು. ಚೆಂಡು ಬಿಟ್ಟ ತನ್ನ ತಂಡದವಳನ್ನೇ ಎಲ್ಲರೆದುರು ಅಳಿಸಿದ್ದಳು. ಮೇಲಾಗಿ ಗಂಡನನ್ನು ಬಿಟ್ಟು ಒಂದು ರೂಮು ಹಿಡಿದು ಒಬ್ಬಳೇ ಇದ್ದಳು. ಆಡಿಕೊಳ್ಳುವವರ ಬಾಯಿಗೆ ಇದೇ ಹೆಚ್ಚು ರುಚಿ. ಕೊನೆಗೆ ಅವಳ ತಂಡದವರಿಗೇ ಸಾಕಾಯಿತು. ಅವಳನ್ನು ನೀವು ಇಟ್ಟುಕೊಳ್ಳಿ, ಬದಲಿಗೆ ನಿಮ್ಮ ಹಿಂದಿನ ಮೂಲೆಯವಳನ್ನು ಕೊಡಿ ಎಂದು ಫೋನ್ ಮಾಡಿದರು.

ಆ ಮೂಲೆಯವಳು ನಾನು. ನನ್ನ ಕಡೆ ಬಂದ ಚೆಂಡು ನೆಲ ಕಂಡದ್ದು ಅಪರೂಪ. ಈ ದೇಶದಲ್ಲಿ ನನಗೆ ತವರು ಅಂತ ಏನಾದರೂ ಇದ್ದರೆ ಅದು ಭಾನುವಾರದ ಆ ಹಾಲ್, ಆಟ ಮುಗಿದ ಮೇಲೆ ಅಕ್ಕಾವ್ರ ಮನೆಯ ರೊಟ್ಟಿ. ಅಕ್ಕಾವ್ರು ನಮ್ಮ ನಾಯಕಿ, ಆಸ್ಪತ್ರೆಯಲ್ಲಿ ನರ್ಸ್, ಎಲ್ಲರಿಗಿಂತ ಹಿರಿಯರು. ಪಂಚಾಯಿತಿ ಅವರ ಅಡುಗೆಮನೆಯಲ್ಲೇ ಸೇರಿತು.

"ಅಕಿ ಬಂದ್ರ ಗೆಲ್ತೀವಿ ನೋಡ್ರಿ," ಎಂದಳು ಒಬ್ಬ ಗೆಳತಿ.

"ಕಾಲು ಕೆದರಿ ಜಗಳ ತೆಗಿಯಾಕಿ ಅಕಿ. ಗೆದ್ದು ಏನ್ ಮಾಡೂದೈತಿ?" ಎಂದಳು ಇನ್ನೊಬ್ಬಳು.

ನನ್ನ ಮೈಯೆಲ್ಲ ಉರಿಯಿತು. "ನನ್ನೇನು ಸಂತ್ಯಾಗಿನ ಎಮ್ಮಿ ಅಂತ ತಿಳ್ಕೊಂಡೀರೇನು? ಹಂಗಾದ್ರ ಹಲ್ಲೂ ನೋಡ್ರಿ."

ಅಕ್ಕಾವ್ರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀನ ಹೋಗಿ ಅಕಿ ಆಟ ನೋಡಿ ಬಾ. ನೀ ಬ್ಯಾಡ ಅಂದ್ರ ಬ್ಯಾಡ," ಎಂದರು.

ಬೇಡ ಎನ್ನಬೇಕೆಂದೇ ಹೋದೆ. ಅಲ್ಲಿನ ಹಾಲ್‌ನಲ್ಲಿ ಅವಳೊಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ನೆಟ್‌ನ ಆಚೆ ಒಂದು ಕರ್ಚೀಫು ಹಾಸಿದ್ದಳು. ಎಸೆದ ಚೆಂಡು ಪ್ರತಿ ಸಲ ಅದರ ಮೇಲೇ ಬೀಳುತ್ತಿತ್ತು.

"ಸುಮ್ನೆ ಯಾಕೆ ನೋಡ್ತೀರಾ? ಆ ಕಡೆ ನಿಂತ್ಕೊಳ್ಳಿ," ಎಂದಳು. ಕೋಟು ಬಿಚ್ಚಿಟ್ಟು ನಿಂತೆ.

ಅವಳು ಹಾರಲಿಲ್ಲ, ಕೂಗಲಿಲ್ಲ. ಭುಜದ ಮೇಲಿಂದ ತೋಳು ಒಮ್ಮೆ ಬೀಸಿ ಬಂತು, ಅಷ್ಟೇ. ಚೆಂಡು ನೆಟ್ಟಿನ ಅಂಚಿಗೆ ಕೂದಲೆಳೆಯ ಅಂತರದಲ್ಲಿ ದಾಟಿ, ನನ್ನೆದುರು ಬಂದು ತಟ್ಟನೆ ಕೆಳಗಿಳಿಯಿತು. ಚಾಚಿದ ಬೆರಳಿಗೆ ಗಾಳಿಯಷ್ಟೇ ತಾಗಿತು. ಇನ್ನೊಂದು ಎಂದೆ, ಮತ್ತೊಂದು ಎಂದೆ. ಒಂದೂ ಸಿಗಲಿಲ್ಲ. ಅವಮಾನವಾಗಬೇಕಿತ್ತು, ಆದದ್ದು ಸಂತೋಷ. ಇಷ್ಟು ವರ್ಷ ನಾನು ಆಡಿದ ಆಟದೊಳಗೆ ಇಂಥದ್ದೊಂದು ಇದೆ ಎಂಬುದೇ ನನಗೆ ತಿಳಿದಿರಲಿಲ್ಲ. ಗರ್ಭಗುಡಿಯ ಮುಂದೆ ನಿಂತಂತೆ ನಿಂತುಬಿಟ್ಟೆ.

"ಕೈ ಚೆನ್ನಾಗಿದೆ ನಿಮ್ದು," ಎಂದಳು. "ಆದ್ರೆ ನನ್ ಮುಖ ನೋಡ್ತಿದೀರಾ. ಚೆಂಡು ನೋಡಿ."

ಮರಳಿ ಬಂದವಳು ಅಕ್ಕಾವ್ರಿಗೆ, "ತಗೋರಿ ಅಕಿನ್ನ, ನಾ ಹೋಗ್ತೀನಿ," ಎಂದೆ. ಎಂದು ಸಿಂಕಿನ ಕಡೆ ತಿರುಗಿ ಅತ್ತೆ.

ತಂಡ ಬದಲಾಗುವ ಭಾನುವಾರ ನಾನು ಸೀರೆ ಉಟ್ಟು ನಮ್ಮ ಹಾಲ್‌ಗೆ ಹೋದೆ. ಅಕ್ಕಾವ್ರು ಅಲ್ಲಿಗೇ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತಂದಿದ್ದರು. ಮಗಳನ್ನು ಬರಿದೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಉಡಿ ತುಂಬಿದರು. ತವರು ಬರಿದಾಗಬಾರದೆಂದು ನಾನು ಚಿಟಿಕೆ ಅಕ್ಕಿ ತಿರುಗಿ ಅವರ ತಟ್ಟೆಗೆ ಹಾಕಿದೆ. ನೆಲಕ್ಕೆ ಕಾಳು ಬಿತ್ತೆಂದು ಕೇರ್‌ಟೇಕರ್ ಗೊಣಗಿಕೊಂಡ.

ಅವಳನ್ನು ಬಿಟ್ಟು, ನಮ್ಮೊಡನೆ ಒಂದು ಆಟ ಆಡಿ ಹೋಗಲು ಬಂದಿದ್ದ ಕಿಂಗ್ಸ್‌ಬರಿಯ ಹೆಂಗಸರು ಏನೂ ತಂದಿರಲಿಲ್ಲ. ಗಂಡನನ್ನು ಬಿಟ್ಟವಳಿಗೆ ಉಡಿ ಎಂಥದು ಎಂಬ ಭಾವ ಅವರ ಮುಖದಲ್ಲೇ ಇತ್ತು. ಅವಳು ಬ್ಯಾಗು ಹಿಡಿದು ಗೋಡೆಯ ಪಕ್ಕ ನಿಂತು ನನ್ನ ಸೆರಗಿನ ಅಕ್ಕಿಯನ್ನೇ ನೋಡುತ್ತಿದ್ದಳು.

ಸಿಟ್ಟು ಬಂದರೆ ನನಗೆ ಕೈ ಮುಂದು, ಬುದ್ಧಿ ಹಿಂದು. ಸೀದಾ ಹೋಗಿ "ಹಿಡೀರಿ" ಎಂದೆ. ಅವಳಿಗೆ ಸೆರಗೆಲ್ಲಿಯದು? ಟಿ-ಶರ್ಟಿನ ಅಂಚನ್ನೇ ಎತ್ತಿ ಹಿಡಿದಳು. ನನ್ನ ಉಡಿಯಲ್ಲಿ ಅರ್ಧ ಅದಕ್ಕೆ ಸುರಿದೆ. ಒಂದು ಕಾಳೂ ಬೀಳದಂತೆ ಅವಳು ಅದನ್ನು ತನ್ನ ಬ್ಯಾಗಿಗೆ ತುಂಬಿಕೊಂಡಳು.

"ನಾನೆಲ್ಲಿ ನಿಲ್ಲಲಿ?" ಎಂದು ಕೇಳಿದಳು.

ಹಿಂದಿನ ಮೂಲೆಗೆ ಕರೆದೊಯ್ದು, ರೇಡಿಯೇಟರ್ ಪಕ್ಕದ ನನ್ನ ಜಾಗದಲ್ಲಿ ನಿಲ್ಲಿಸಿದೆ. ಉಳಿದ ಅಕ್ಕಿಯನ್ನು ಚೀಲಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್‌ನ ಅಡಿಯಲ್ಲಿ ಬಗ್ಗಿ ಆಚೆ ಬದಿಗೆ, ಕಿಂಗ್ಸ್‌ಬರಿಯವರ ಕಡೆ ಹೋದೆ. ಅವಳ ಮೊದಲ ಸರ್ವಿಸ್ ನನ್ನ ಮೇಲೇ ಬಂತು. ಈ ಸಲ ಚೆಂಡನ್ನೇ ನೋಡಿದೆ. ಆದರೂ ಸಿಗಲಿಲ್ಲ.