ಗೀಟು ಹೊಡೆದ ಸುದ್ದಿ

ಆಗೆಲ್ಲ ನಮ್ಮೂರಿಗೆ ಪೇಪರು ಬರುತ್ತಿದ್ದುದು ಕೊಳ್ಳೇಗಾಲದ ಮೊದಲ ಬಸ್ಸಿನಲ್ಲಿ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರು ಕಟ್ಟನ್ನು ಟೀ ಅಂಗಡಿಯ ಜಗಲಿಗೆ ಎಸೆಯುತ್ತಿದ್ದ. ಕಟ್ಟೆಂದರೆ ನಾಲ್ಕೋ ಐದೋ ಪ್ರತಿ. ಅದರಲ್ಲೊಂದು ಸ್ಕೂಲಿನದು. ಅದನ್ನು ತರುವ ಕೆಲಸ ಏಳನೇ ಕ್ಲಾಸಿನಲ್ಲಿದ್ದ ನನ್ನದು. ಯಳಂದೂರು ಸೀಮೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಕಬ್ಬಿನ ಸುಗ್ಗಿಯ ಆ ಬೆಳಗುಗಳು ಮರೆತಿರಲಿಕ್ಕಿಲ್ಲ. ಕೈಯಲ್ಲಿ ಹಸಿ ಮಸಿಯ ವಾಸನೆ, ಗಾಳಿಯಲ್ಲಿ ಆಲೆಮನೆಯ ಪಾಕದ ವಾಸನೆ, ಕಾಲಿಗೆ ಚುಚ್ಚುವ ಕಬ್ಬಿನ ಸಿಪ್ಪೆ.

ಪ್ರೇಯರ್ ಮುಗಿದ ಮೇಲೆ ಸುದ್ದಿ ಓದುವವಳೂ ನಾನೇ. ಆ ಅಭ್ಯಾಸ ಶುರು ಮಾಡಿದವರು ಕನ್ನಡ ಹೇಳಿಕೊಡುತ್ತಿದ್ದ ರಾಜಮ್ಮ ಟೀಚರ್. ತೆಳ್ಳಗೆ, ಉದ್ದಕ್ಕೆ ಇದ್ದರು. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನನ್ನನ್ನು ಮೈದಾನದ ಆ ತುದಿಗೆ ನಿಲ್ಲಿಸಿ, ತಾವು ಈ ತುದಿಯಲ್ಲಿ ನಿಂತು, "ನಂಗೆ ಕೇಳ್ತಾ ಇಲ್ಲ, ಮತ್ತೆ ಓದು" ಎನ್ನುತ್ತಿದ್ದರು. ಹೀಗೆ ಒಂದು ತಿಂಗಳಾದ ಮೇಲೆ ನನ್ನ ದನಿ ರಸ್ತೆಯಾಚೆಯ ಅರಳಿಕಟ್ಟೆಗೂ ಕೇಳುವಂತಾಯಿತು. ಅಲ್ಲಿ ಕೂತಿದ್ದ ಮುದುಕರು ಬೀಡಿ ಕೆಳಗಿಟ್ಟು ಕೇಳುತ್ತಿದ್ದರು.

ನಮ್ಮಪ್ಪ ಪುಟ್ಟಮಾದಪ್ಪ ಸ್ಕೂಲು ಸಮಿತಿಯ ಅಧ್ಯಕ್ಷ. ಊರಲ್ಲಿದ್ದ ಮೂರು ಆಲೆಮನೆಗಳಲ್ಲಿ ಒಂದು ನಮ್ಮದು. ಆ ವರ್ಷ ಸುಗ್ಗಿ ಶುರುವಾಗುವ ಹೊತ್ತಿಗೇ ನಮ್ಮ ಬೋರಿನ ಮೋಟರು ಸುಟ್ಟುಹೋಯಿತು. ಮಾರನೆಯ ದಿನವೇ ಊರಿನ ಟ್ಯಾಂಕಿನಿಂದ ಆಲೆಮನೆಗೆ ಕರಿ ಪೈಪು ಬಂತು. ಕೊಪ್ಪರಿಗೆ ತೊಳೆಯುವುದಕ್ಕೆ, ಎತ್ತಿಗೆ, ಆಳುಗಳಿಗೆ ಎಲ್ಲಕ್ಕೂ ಅದೇ ನೀರು. ಬಿಸಿ ಬೆಲ್ಲ ತಿಂದು ಅಂಟಿದ ಕೈಯನ್ನು ನಾನೂ ಅದೇ ಪೈಪಿನಲ್ಲಿ ತೊಳೆಯುತ್ತಿದ್ದೆ.

ನನ್ನ ಪಕ್ಕ ಕೂರುತ್ತಿದ್ದ ಗೌರಿ ಕೆಳಗಲ ಬೀದಿಯವಳು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ. ಆ ತಿಂಗಳು ಅವಳು ಆಟಕ್ಕೇ ಬರಲಿಲ್ಲ. ಮೊದಲ ಪೀರಿಯಡ್ಡಿಗೆ ಬಂದರೂ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು.

"ಯಾಕ ಗೌರಿ, ಉಸಾರಿಲ್ವಾ?" ಅಂದೆ ಒಂದು ದಿನ.

"ನಮ್ ಬೀದಿಗ ನೀರು ಬುಡ್ತಿಲ್ಲ ಕನ. ಗದ್ದ ಬಯಲಿನ ಬಾವಿಗ ಓಗಿ ತರ್ಬೇಕು. ಬೆಳಿಗ್ಗೆಯಿಂದ ಆರು ಕೊಡ ಒತ್ತಿವ್ನಿ," ಎಂದು ಅಂಗೈ ತೋರಿಸಿದಳು. ಹಗ್ಗ ಎಳೆದು ಬೊಬ್ಬೆ ಎದ್ದಿತ್ತು.

ಪೈಪಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಲೆಮನೆಗೆ ಹೋದರೆ ಆ ಪೈಪಿನತ್ತಲೇ ಕಣ್ಣು. ರಾಗಿ ಹಿಟ್ಟನ್ನು ಅರ್ಧ ಉಂಡು ತಟ್ಟೆ ಸರಿಸುತ್ತಿದ್ದೆ. "ಇವ್ಳಿಗೇನೋ ದೃಷ್ಟಿ ಆಗದ," ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿದಳು.

ಒಂದು ಶುಕ್ರವಾರ ಪೇಪರು ತರುತ್ತಾ ದಾರಿಯಲ್ಲೇ ಬಿಡಿಸಿದೆ. ಒಳಪುಟದ ಕೆಳಮೂಲೆಯಲ್ಲಿ ನಮ್ಮೂರ ಹೆಸರು. ಕೆಳಗಲ ಬೀದಿಗೆ ಮೂರು ವಾರದಿಂದ ಕುಡಿಯುವ ನೀರಿಲ್ಲ, ಟ್ಯಾಂಕಿನ ನೀರನ್ನು ಆಲೆಮನೆಗಳಿಗೆ ಬಿಡಲಾಗುತ್ತಿದೆ ಎಂದು ನಿವಾಸಿಗಳ ದೂರು. ಹತ್ತು ಸಾಲೂ ಇರಲಿಲ್ಲ. ಯಾರ ಆಲೆಮನೆ ಎಂದು ಬರೆದಿರಲಿಲ್ಲ. ಊರ ಹೆಸರನ್ನು ಅಚ್ಚಿನಲ್ಲಿ ಕಂಡ ಹಿಗ್ಗಿಗೆ ಓಡಿಕೊಂಡು ಬಂದು ಹೆಡ್ಮೇಷ್ಟ್ರಿಗೆ ತೋರಿಸಿದೆ.

ಅವರು ಎರಡು ಸಲ ಓದಿದರು. ಕೆಟ್ಟವರಲ್ಲ ಅವರು. ಜ್ವರ ಬಂದ ಮಕ್ಕಳನ್ನು ತಮ್ಮ ಸೈಕಲ್ಲಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ಪೆನ್ನು ತೆಗೆದು ಆ ಸುದ್ದಿಯ ಮೇಲೆ ಅಡ್ಡಗೀಟು ಹೊಡೆದರು.

"ಇದು ಬೇಡ ಮಗು. ಬೇರೇವು ಓದು."

"ನಮ್ಮೂರುದು ಸಾ ಇದು."

"ಅದಕ್ಕೇ ಬೇಡ."

ಪ್ರೇಯರ್ ಆಯಿತು. ಜಗಲಿಯ ಮೇಲೆ ನಿಂತು ದೆಹಲಿಯ ಸುದ್ದಿ ಓದಿದೆ, ಬೆಂಗಳೂರಿನದು ಓದಿದೆ, ಕ್ರಿಕೆಟ್ಟಿನದು ಓದಿದೆ. ರಾಜಮ್ಮ ಟೀಚರ್ ಒಂದನೇ ಕ್ಲಾಸಿನವರ ಉಗುರು ನೋಡುತ್ತಿದ್ದರು. ಸಾಲು ಕಟ್ಟಿ ನಿಂತ ಮಕ್ಕಳ ಹಿಂದೆ, ಗೇಟಿನ ಹತ್ತಿರ, ಗೌರಿ ಒಬ್ಬಳೇ ನಿಂತಿದ್ದಳು. ಅವತ್ತೂ ತಡ. ಲಂಗದ ಅಂಚು ಒದ್ದೆ. ತಡವಾಗಿ ಬಂದವರಿಗೆ ಬೀಳುವ ಏಟಿಗೆಂದು ಆಗಲೇ ಕೈ ಉಜ್ಜಿಕೊಳ್ಳುತ್ತಿದ್ದಳು.

ನನಗೆ ಏನಾಯಿತೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಧೈರ್ಯ ಎಂದು ಹೇಳಲಾರೆ. ಹೆದರಿಕೆ ಇದ್ದೇ ಇತ್ತು. ಪುಟ ತಿರುವಿ, ಗೀಟಿನ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಟೀಚರ್ ಕಲಿಸಿದ ದನಿಯಲ್ಲೇ ಓದಿಬಿಟ್ಟೆ. ಕಟ್ಟೆಯ ಮೇಲಿದ್ದ ಮುದುಕರು ಎದ್ದು ನಿಂತರು. ಹೆಡ್ಮೇಷ್ಟ್ರು ಬೆಲ್ಲು ಹೊಡೆಸಿದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಆಲೆಮನೆ ಮುಟ್ಟಿತ್ತು. ಪೇಪರಿನಲ್ಲಿ ಬಂದದ್ದನ್ನು ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಮಗಳ ಬಾಯಲ್ಲಿ ಊರೆಲ್ಲ ಕೇಳಿತು ಎಂಬುದನ್ನು ತಡೆಯಲಾಗಲಿಲ್ಲ. ಕೈಗೆ ಹತ್ತಿದ ಬೆಲ್ಲ ಹಾಗೇ ಇರುವಾಗ ಸ್ಕೂಲಿಗೆ ಬಂದ. ಆಫೀಸು ರೂಮಿಗೆ ನನ್ನನ್ನು ಕರೆಸಿದರು.

"ಓದು ಅಂತ ಯಾರು ಯೋಳ್ದೋರು?" ಅಂದ ಅಪ್ಪ.

ಅವನು ನನ್ನ ಮೇಲೆ ಯಾವತ್ತೂ ಕೈಯೆತ್ತಿದವನಲ್ಲ. ಅವತ್ತೂ ಎತ್ತಲಿಲ್ಲ. ಆದರೆ ಅವನ ದವಡೆ ಅದುರುತ್ತಿತ್ತು. ಗೋಡೆಯ ಮೇಲಿನ ಭಾರತದ ನಕ್ಷೆಯನ್ನು ನೋಡುತ್ತಾ ನಿಂತೆ.

"ನಿನ್ನೇ ಕೇಳ್ತಿರದು ಮಗ. ಯಾರು ಯೋಳ್ದೋರು?"

"ಟೀಚರು," ಅಂದೆ.

"ಯಾವ ಟೀಚರು?"

"ರಾಜಮ್ಮ ಟೀಚರು."

ಅವರನ್ನು ಕರೆಸಿದರು. ಸೀಮೆಸುಣ್ಣದ ಕೈಯಲ್ಲೇ ಬಂದರು. ಹೆಡ್ಮೇಷ್ಟ್ರು ಕೇಳಿದಾಗ ಅವರು ನನ್ನ ಮುಖ ನೋಡಿದರು. ಈಗ ಸುಳ್ಳಿ ಎಂದು ನನ್ನ ಕಿವಿ ಹಿಂಡುತ್ತಾರೆ ಎಂದುಕೊಂಡೆ. ಹಿಂಡಲಿ ಎಂದೂ ಅನಿಸಿತು.

"ಹೌದು ಸಾರ್, ನಾನೇ ಹೇಳಿದ್ದು," ಎಂದರು. "ಪೇಪರಲ್ಲಿ ಬಂದಿದ್ದನ್ನ ಮಗು ಓದಿದೆ. ಸುಳ್ಳಾದ್ರೆ ಪೇಪರಿನವ್ರಿಗೆ ಬರೀರಿ. ನಿಜ ಆದ್ರೆ ವಾಲ್ವು ತಿರುಗಿಸಿ."

"ಊರ ಇಸ್ಯಕ್ಕ ನೀವು ಬರ್ಬೇಡಿ ಟೀಚರ್ರೆ. ಪಾಠ ಯೋಳ್ಕೊಡಿ ಸಾಕು," ಅಂದ ಅಪ್ಪ.

"ಇದೂ ಪಾಠಾನೇ ಅಧ್ಯಕ್ಷರೇ," ಎಂದು ಹೇಳಿ ಅವರು ಕ್ಲಾಸಿಗೆ ಹೊರಟುಹೋದರು.

ಬಾಗಿಲಿಂದ ಅವರ ಕ್ಲಾಸಿಗೆ ಹತ್ತು ಹೆಜ್ಜೆ. ಹಿಂದೆ ಓಡಿ ನಿಜ ಹೇಳಿದ್ದರೆ ಸಾಕಿತ್ತು.

ಮೂರು ದಿನಕ್ಕೆ ತಾಲ್ಲೂಕು ಆಫೀಸಿನ ಜೀಪು ಬಂತು. ಕರಿ ಪೈಪು ಸುರುಳಿ ಸುತ್ತಿ ನಮ್ಮ ಕೊಟ್ಟಿಗೆ ಸೇರಿತು. ಕೆಳಗಲ ಬೀದಿಯ ನಲ್ಲಿಯಲ್ಲಿ ನೀರು ಬಂತು. ಗೌರಿ ಹೊತ್ತಿಗೆ ಸರಿಯಾಗಿ ಬಂದು ನನ್ನ ಕಿವಿಯಲ್ಲಿ, "ನಮ್ ಬೀದಿ ಎಸರು ಓದ್ದಲ್ಲ ನೀನು, ನಮ್ಮವ್ವ ಇನ್ನೊಂದ್ಸಲ ಯೋಳು ಇನ್ನೊಂದ್ಸಲ ಯೋಳು ಅಂತ ಮೂರು ಸಲ ಯೋಳಿಸ್ಕತು," ಎಂದು ನಕ್ಕಳು. ಮಡಿಲಿಂದ ಹುರಿದ ಕಡಲೆಕಾಯಿ ತೆಗೆದು ಕೊಟ್ಟಳು. ಕೈಯಲ್ಲಿ ಹಿಡಿದುಕೊಂಡೆನೇ ಹೊರತು ತಿನ್ನಲಾಗಲಿಲ್ಲ.

ಹದಿನೈದು ದಿನ ಕಳೆಯುವುದರೊಳಗೆ ರಾಜಮ್ಮ ಟೀಚರನ್ನು ಹನೂರಿನಾಚೆ, ಅಜ್ಜೀಪುರ ದಾಟಿ ಕಾಡಂಚಿನ ಒಂದು ಸ್ಕೂಲಿಗೆ ಹಾಕಿದರು. ಕೊಳ್ಳೇಗಾಲದಿಂದ ಎರಡು ಬಸ್ಸು ಬದಲಿಸಿ ಆಮೇಲೆ ನಡೆಯಬೇಕಾದ ಊರು. ಹೊರಡುವ ದಿನ ಎಲ್ಲರ ಕಾಪಿಯನ್ನೂ ತಿದ್ದಿ ಕೊಟ್ಟರು. ನನ್ನ ಸರದಿ ಬಂದಾಗ ಹೇಳಬೇಕೆಂದು ತುಟಿ ತೆರೆದೆ.

"ದನಿ ಚೆನ್ನಾಗಿದೆ ನಿಂದು. ಇಳಿಸಬೇಡ," ಎಂದು ಕಾಪಿ ಕೈಗಿಟ್ಟು ಮುಂದಿನವಳನ್ನು ಕರೆದರು.

"ಟೀಚರ್ ಯಾಕ ನಮ್ ಸ್ಕೂಲ್ ಬುಟ್ಟು ಓದ್ರು?" ಎಂದು ಗೌರಿ ಕೇಳಿದಳು. ಗೊತ್ತಿಲ್ಲ ಅಂದೆ. ಅದು ಎರಡನೆಯ ಸುಳ್ಳು.

ಮುಂದಿನ ವಾರ ಹೆಡ್ಮೇಷ್ಟ್ರು ಪೇಪರನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಗೀಟು ಹೊಡೆಯಲಿಲ್ಲ, ಏನು ಓದಬೇಕೆಂದೂ ಹೇಳಲಿಲ್ಲ. ಬೇಕಾಗಲೂ ಇಲ್ಲ. ಯಾವುದನ್ನು ಬಿಡಬೇಕೆಂದು ಬಸ್ ಸ್ಟಾಪಿನಿಂದ ಸ್ಕೂಲಿಗೆ ಬರುವಷ್ಟರಲ್ಲಿ ನಾನೇ ಆರಿಸಿಕೊಂಡಿರುತ್ತಿದ್ದೆ. ಸೊಸೈಟಿಯ ಗೊಬ್ಬರದ ಸುದ್ದಿ ಬಂತು, ಬಿಟ್ಟೆ. ಪಕ್ಕದೂರಿನ ಅಂಗನವಾಡಿಯದು ಬಂತು, ಅದನ್ನೂ ಬಿಟ್ಟೆ. ಮುದುಕರು ಕೆಲವು ದಿನ ಕಿವಿಗೊಟ್ಟು ನೋಡಿದರು. ಆಮೇಲೆ ಬೀಡಿ ಹಚ್ಚಿಕೊಂಡು ತಮ್ಮ ಮಾತಿಗೆ ತಿರುಗಿದರು. ಅದನ್ನು ಜಗಲಿಯ ಮೇಲಿಂದಲೇ ಕಂಡೆ.

ಈಗ ನಾನೂ ಟೀಚರು. ಒಂದು ಸಲ ಎಲೆಕ್ಷನ್ ಡ್ಯೂಟಿಗೆ ಹನೂರಿನ ಹತ್ತಿರದ ಶಾಗ್ಯದ ಕಡೆ ಹೋದಾಗ ರಾಜಮ್ಮ ಟೀಚರ ಬಗ್ಗೆ ವಿಚಾರಿಸಿದೆ. ರಿಟೈರ್ ಆದರು, ಮಗಳ ಮನೆಗೆ ಹೋದರು ಎಂದರು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸ್ಕೂಲಿನಲ್ಲಿ ಇವತ್ತಿಗೂ ಪ್ರೇಯರ್ ಆದ ಮೇಲೆ ಸುದ್ದಿ ಓದುತ್ತಾರೆ. ಅದು ಫೋನಿನ ಗ್ರೂಪಿನಲ್ಲಿ ಸಿದ್ಧವಾಗಿ ಬಂದಿರುತ್ತದೆ. ಯಾರ ಜಯಂತಿ, ಯಾರಿಗೆ ಪ್ರಶಸ್ತಿ, ಎಷ್ಟು ಮಳೆ. ಊರುಗಳ ಹೆಸರು ಇರುವುದಿಲ್ಲ. ಮಕ್ಕಳು ಚೆನ್ನಾಗಿಯೇ ಓದುತ್ತಾರೆ. ಓದಿದ್ದಕ್ಕೆ ಯಾರೂ ತಲೆಯೆತ್ತುವುದಿಲ್ಲ.

ಹೋದ ತಿಂಗಳು ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪೇಪರಿನ ಒಂದು ತುಂಡು ಕತ್ತರಿಸಿ ತಂದಿದ್ದಳು. ಅವಳ ಬೀದಿಯ ಚರಂಡಿಯ ಸುದ್ದಿ. "ಮಿಸ್, ಓದ್ಲಾ?" ಅಂದಳು. ನಮ್ಮ ಹೆಡ್ಮೇಷ್ಟ್ರನ್ನು ಕೇಳಿ ಹೇಳುತ್ತೇನೆ, ನಾಳೆ ನೋಡೋಣ ಅಂದೆ. ಅವಳು ತುಂಡನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಹನ್ನೆರಡು ವರ್ಷದವಳಾಗಿದ್ದಾಗ, ಅಷ್ಟು ಹೆದರಿಕೆಯ ನಡುವೆಯೂ, ನನ್ನಲ್ಲಿ ಇದ್ದದ್ದೇನೋ ಒಂದು ಈಗ ಇಲ್ಲ. ಅದು ಹೋದದ್ದು ಗೀಟು ಹೊಡೆದವರಿಂದಲೂ ಅಲ್ಲ, ಅಪ್ಪನಿಂದಲೂ ಅಲ್ಲ. ಆ ನಾಳೆ ಬಂದಾಗ ಹುಡುಗಿ ಮತ್ತೆ ಕೇಳಲಿಲ್ಲ. ನಾನೂ ನೆನಪಿಸಲಿಲ್ಲ.